ಹಡಗಿನ ಪಂಕ್ತಿಗೆ ಉಡುವ ಉಡುಪು

"ಊಟ ತನ್ನಿಚ್ಛೆ, ನೋಟ ಪರರಿಚ್ಛೆ" ಎಂಬುದು ಕನ್ನಡ ನಾಡಿನ ಹಳೆಯ ಗಾದೆ. ಉಣ್ಣುವವನು ತನ್ನ ನಾಲಗೆಗೆ ಒಪ್ಪುವುದನ್ನು ಉಣ್ಣಲಿ. ಆದರೆ ನಾಲ್ವರ ನಡುವೆ ತೋರಿಕೊಳ್ಳುವಾಗ ಆ ನಾಲ್ವರ ಕಣ್ಣಿಗೆ ಒಪ್ಪುವಂತೆ ತೋರಿಕೊಳ್ಳಲಿ ಎಂಬುದು ಅದರ ಅಭಿಪ್ರಾಯವು. ಗಾದೆಯು ಊಟವನ್ನು ಒಂದು ಕಡೆಗೂ ನೋಟವನ್ನು ಮತ್ತೊಂದು ಕಡೆಗೂ ಇಟ್ಟು ಸುಲಭವಾಗಿ ತೀರ್ಪನ್ನು ಕೊಟ್ಟುಬಿಟ್ಟಿದೆ. ಆದರೆ ಊಟವೂ ನೋಟವೂ ಒಂದೇ ಎಡೆಯಲ್ಲಿ ಕೂಡಿಬಂದಾಗ ಮಾಡತಕ್ಕುದೇನು? ಉಣ್ಣುವುದಕ್ಕೆಂದೇ ಕುಳಿತವನು ನೋಟಕ್ಕೂ ಒಳಗಾಗಬೇಕಾದಾಗ ಯಾರ ಇಚ್ಛೆಯು ನಡೆಯತಕ್ಕುದು? ಈ ಪ್ರಶ್ನೆಯು ಸಣ್ಣದಾಗಿ ಕಂಡರೂ ಇದರ ಬೇರು ಆಳವಾದುದು. ಸಾಗರದ ಮೇಲೆ ವಿಹಾರಕ್ಕೆಂದು ಹೊರಡುವ ದೊಡ್ಡ ಹಡಗುಗಳ ಭೋಜನಶಾಲೆಯಲ್ಲಿ ಇದು ಪ್ರತಿದಿನವೂ ಸಂಜೆ ಆರು ಗಂಟೆಗೆ ಏಳುತ್ತದೆ.

ಇಂತಹ ಹಡಗುಗಳು ಕನ್ನಡಿಗರಿಗೆ ಅಪರಿಚಿತವಾದುವಲ್ಲ. ಮಳೆಗಾಲವು ಮುಗಿದ ಮೇಲೆ ಪಣಂಬೂರಿನಲ್ಲಿರುವ ನವಮಂಗಳೂರು ಬಂದರಿಗೆ ವಿದೇಶದ ವಿಹಾರನೌಕೆಗಳು ಬಂದು ತಂಗುವುದುಂಟು. ಹಗಲಿನಲ್ಲಿ ಅವುಗಳಿಂದಿಳಿದವರು ಮೊಣಕಾಲಿನವರೆಗಿನ ಚಲ್ಲಣವನ್ನೂ ಹಗುರವಾದ ಅಂಗಿಯನ್ನೂ ತೊಟ್ಟು, ತಲೆಗೆ ಹುಲ್ಲಿನ ಟೋಪಿಯನ್ನಿಟ್ಟು, ಕದ್ರಿಯ ದೇವಾಲಯವನ್ನೂ ಮೂಡಬಿದರೆಯ ಸಾವಿರ ಕಂಬದ ಬಸದಿಯನ್ನೂ ನೋಡಿ ಬರುತ್ತಾರೆ. ಸಂಜೆಗೆ ಹಡಗು ಹೊರಡುತ್ತದೆ. ಹಗಲೆಲ್ಲ ಚಲ್ಲಣದಲ್ಲಿ ತಿರುಗಾಡಿದ ಅದೇ ಮನುಷ್ಯನು, ಹಡಗಿನ ಕಟ್ಟಳೆಯು ಹಾಗಿದ್ದರೆ, ಕಪ್ಪು ಕೋಟು, ಗಂಜಿ ಹಾಕಿದ ಬಿಳಿಯ ಅಂಗಿ, ಕೊರಳಿಗೆ ಚಿಟ್ಟೆಯಂತಹ ಬೋ ಟೈ ಇವುಗಳನ್ನು ಧರಿಸಿ ಊಟಕ್ಕಿಳಿಯುತ್ತಾನೆ. ದೇವರ ಮುಂದೆ ನಿಲ್ಲುವುದಕ್ಕೆ ಬೇಡವೆನಿಸಿದ ಉಡುಪಿನ ಸಿದ್ಧತೆಯು ಸಾರಿನ ಬಟ್ಟಲಿನ ಮುಂದೆ ಕೂಡುವುದಕ್ಕೆ ಬೇಕಾಯಿತಲ್ಲಾ ಎಂದು ನೋಡಿದವರು ನಗಬಹುದು. ಆದರೆ ನಗುವುದಕ್ಕೆ ಮುಂಚೆ ಆ ಕಟ್ಟಳೆಯೇನೆಂಬುದನ್ನು ಅರಿಯುವುದೊಳ್ಳೆಯದು.

ಎಲ್ಲ ಹಡಗುಗಳಲ್ಲಿಯೂ ಒಂದೇ ನಿಯಮವಿಲ್ಲ. ಇಂಗ್ಲೆಂಡಿನ ಹಳೆಯ ಕುನಾರ್ಡ್ ಸಂಸ್ಥೆಯು ಹಿಂದಿನ ವಾಡಿಕೆಯನ್ನು ಬಹುಮಟ್ಟಿಗೆ ಉಳಿಸಿಕೊಂಡಿದೆ. ೨೦೦೪ರಲ್ಲಿ ಸಂಚಾರಕ್ಕೆ ಬಂದ ಅದರ 'ಕ್ವೀನ್ ಮೇರಿ ೨' ಎಂಬ ಹಡಗಿನಲ್ಲಿ ಸಂಜೆಯಾದ ಮೇಲೆ ಹಗಲಿನ ಸಡಿಲವಾದ ಉಡುಪು ಮುಖ್ಯ ಭೋಜನಶಾಲೆಗೆ ಸಲ್ಲುವುದಿಲ್ಲ. ಗೊತ್ತಾದ ಕೆಲವು ರಾತ್ರಿಗಳನ್ನು ಉತ್ಸವದ ರಾತ್ರಿಗಳೆಂದು ಕರೆದು, ಅಂದು ಗಂಡಸರು ಡಿನ್ನರ್ ಜಾಕೆಟ್ಟನ್ನೋ ಕಪ್ಪು ಸೂಟನ್ನೋ, ಹೆಂಗಸರು ಸಂಜೆಯ ಗೌನನ್ನೋ ಅದಕ್ಕೆ ಸಮನಾದ ಬೇರೆ ಉಡುಗೆಯನ್ನೋ ಧರಿಸಬೇಕೆಂದು ಸೂಚಿಸುತ್ತಾರೆ. ಅವರವರ ದೇಶದ ಸಾಂಪ್ರದಾಯಿಕ ಉಡುಪಿಗೂ ಅಲ್ಲಿ ಎಡೆಯುಂಟು. ಇದಕ್ಕೆ ಒಪ್ಪದವರು ಉಪವಾಸವಿರಬೇಕಾಗಿಲ್ಲ; ಬೇರೊಂದು ಕಡೆ, ತಾವೇ ಬಡಿಸಿಕೊಂಡು ಉಣ್ಣುವ ಸ್ಥಳವಿದೆ. ಇದಕ್ಕೆ ವಿರುದ್ಧವಾಗಿ ನಾರ್ವೇಜಿಯನ್ ಕ್ರೂಸ್ ಲೈನ್ ಎಂಬ ಸಂಸ್ಥೆಯು ೨೦೦೦ದಲ್ಲಿ ಗೊತ್ತಾದ ವೇಳೆ, ಗೊತ್ತಾದ ಮೇಜು, ಗೊತ್ತಾದ ಉಡುಪು ಈ ಮೂರನ್ನೂ ಸಡಿಲಿಸಿ, ಬೇಕಾದಾಗ ಬೇಕಾದಂತೆ ಬಂದು ಉಣ್ಣಬಹುದೆಂದು ಸಾರಿತು. ಹೀಗೆ ಒಂದೇ ಸಮುದ್ರದ ಮೇಲೆ ಎರಡು ಧರ್ಮಗಳು ನಡೆಯುತ್ತಿವೆ. ಎರಡರಲ್ಲಿ ಯಾವುದು ಮೇಲು?

ಈ ವಾಡಿಕೆಯು ಹುಟ್ಟಿದ ಬಗೆಯನ್ನು ತಿಳಿದರೆ ವಿಚಾರಕ್ಕೆ ಸಹಾಯವಾಗುವುದು. ೧೮೪೦ರ ಜುಲೈಯಲ್ಲಿ ಕುನಾರ್ಡರ 'ಬ್ರಿಟಾನಿಯ' ಎಂಬ ಉಗಿಹಡಗು ಲಿವರ್‌ಪೂಲಿನಿಂದ ಹೊರಟು ಅಟ್ಲಾಂಟಿಕ್ ಸಾಗರವನ್ನು ದಾಟಿದಾಗ, ಹಾಲಿಗಾಗಿ ಒಂದು ಹಸುವನ್ನೂ ಹಡಗಿನಲ್ಲಿ ಕಟ್ಟಿಕೊಂಡಿದ್ದರು. ಆ ಕಾಲದ ಪ್ರಯಾಣಿಕನಿಗೆ ಉಡುಪಿನ ಚಿಂತೆಗಿಂತ ಓಕರಿಕೆಯ ಚಿಂತೆಯೇ ಹೆಚ್ಚಾಗಿತ್ತು. ಮುಂದೆ ಹಡಗುಗಳು ಬೆಳೆದುವು, ಅಲುಗಾಟವು ಕಡಮೆಯಾಯಿತು, ಭೋಜನಶಾಲೆಗಳು ಅರಮನೆಯ ಹಜಾರಗಳಂತಾದುವು. ಇತ್ತ ನೆಲದ ಮೇಲೆ ೧೮೬೫ರಲ್ಲಿ ಲಂಡನ್ನಿನ ಹೆನ್ರಿ ಪೂಲ್ ಎಂಬ ದರ್ಜಿಯ ಅಂಗಡಿಯು ಇಂಗ್ಲೆಂಡಿನ ಯುವರಾಜನಿಗಾಗಿ ಬಾಲವಿಲ್ಲದ ಗಿಡ್ಡನೆಯ ಕೋಟೊಂದನ್ನು ಹೊಲಿದುಕೊಟ್ಟಿತೆಂದು ಹೇಳುತ್ತಾರೆ. ಆ ಬಗೆಯ ಕೋಟು ೧೮೮೬ರ ಸುಮಾರಿಗೆ ನ್ಯೂಯಾರ್ಕಿನ ಬಳಿಯ ಟಕ್ಸೀಡೊ ಪಾರ್ಕ್ ಎಂಬ ಧನಿಕರ ನೆಲೆಯಲ್ಲಿ ಬಳಕೆಗೆ ಬಂದು, ಅಮೆರಿಕದಲ್ಲಿ ಆ ಊರಿನ ಹೆಸರಿನಿಂದಲೇ ಪ್ರಸಿದ್ಧವಾಯಿತು. ಇಂದು ಬಿಗಿಯಾದ ಶಿಷ್ಟಾಚಾರದ ಗುರುತಾಗಿ ಕಾಣುವ ಈ ಕೋಟು, ಉದ್ದವಾದ ಬಾಲದ ಕೋಟಿನಿಂದ ಬಿಡುಗಡೆ ಬೇಕೆಂದು, ಮನೆಯಲ್ಲಿ ಸಲೀಸಾಗಿ ಕುಳಿತುಕೊಳ್ಳುವುದಕ್ಕಾಗಿ ಹುಟ್ಟಿದುದೆಂಬುದು ಗಮನಾರ್ಹವಾಗಿದೆ. ತಂದೆಯ ಕಾಲದ ಸಡಿಲಿಕೆಯೇ ಮಗನ ಕಾಲದ ಸಂಪ್ರದಾಯವಾಗುವುದು ಲೋಕದ ರೀತಿ.

ಹಳೆಯ ಹಡಗುಗಳ ವಾಡಿಕೆಯಲ್ಲಿ ಇನ್ನೊಂದು ಅಂಶವಿದ್ದಿತು. ಪ್ರಯಾಣದ ಮೊದಲನೆಯ ರಾತ್ರಿಯೂ ಕೊನೆಯ ರಾತ್ರಿಯೂ ಯಾರೂ ಭೋಜನಕ್ಕೆ ವಿಶೇಷವಾಗಿ ಉಡುತ್ತಿರಲಿಲ್ಲ. ಮೊದಲ ರಾತ್ರಿ ಪೆಟ್ಟಿಗೆಗಳನ್ನು ಬಿಚ್ಚಿರುವುದಿಲ್ಲ, ಕೊನೆಯ ರಾತ್ರಿ ಅವುಗಳನ್ನು ಕಟ್ಟಿಯಾಗಿರುತ್ತದೆ ಎಂಬುದೇ ಕಾರಣ. ಉಳಿದ ರಾತ್ರಿಗಳಲ್ಲಿ ಅಷ್ಟು ಬಿಗಿಯಾಗಿದ್ದ ಶಿಷ್ಟಾಚಾರವು ಮನುಷ್ಯನ ತೊಂದರೆಯೆದುರಿಗೆ ತಲೆಬಾಗುತ್ತಿದ್ದಿತು. ಒಬ್ಬನಿಗೆ ಉಡುವುದಕ್ಕೆ ಅನುಕೂಲವಿಲ್ಲದ ದಿನ ಎಲ್ಲರೂ ಉಡದಿರುವುದು: ಶಿಷ್ಟಾಚಾರದ ಜೀವವು ಇದರಲ್ಲಿದೆಯೆಂದು ಮುಂದೆ ಕಂಡುಬರುವುದು.

ಈಗ ವಾದಕ್ಕೆ ಬರೋಣ. ಕಟ್ಟಳೆಗೆ ವಿರೋಧವಾಗಿ ಹೇಳುವವರು ಹೀಗೆನ್ನುತ್ತಾರೆ: "ಹಣ ಕೊಟ್ಟವನು ಪ್ರಯಾಣಿಕ. ವರುಷವೆಲ್ಲ ಕಚೇರಿಯಲ್ಲಿ ಕೊರಳಪಟ್ಟಿಯನ್ನು ಕಟ್ಟಿಕೊಂಡು ದುಡಿದವನು ಹತ್ತು ದಿನ ಅದನ್ನು ಬಿಚ್ಚಿಡಲೆಂದೇ ಸಮುದ್ರಕ್ಕೆ ಬಂದಿದ್ದಾನೆ. ಅವನ ಕೊರಳನ್ನು ಮತ್ತೆ ಕಟ್ಟುವ ಅಧಿಕಾರವು ಯಾರಿಗಿದೆ? ಮೇಲಾಗಿ ಬಟ್ಟೆಯಿಂದ ಮನುಷ್ಯನು ದೊಡ್ಡವನಾಗುವುದಿಲ್ಲ. ಕಪ್ಪು ಕೋಟಿನೊಳಗೆ ಕಪಟಿಯೂ ಇರಬಲ್ಲನು, ಚಲ್ಲಣದೊಳಗೆ ಸಾಧುವೂ ಇರಬಲ್ಲನು. ಹೊರಗಿನದನ್ನು ನೋಡಿ ಒಳಗೆ ಬಿಡುವ ಬಾಗಿಲು ಅವಿವೇಕದ ಬಾಗಿಲು." ಈ ವಾದದಲ್ಲಿ ಬಲವಿಲ್ಲವೆಂದು ಹೇಳಲಾಗದು.

ಕಟ್ಟಳೆಯ ಪರವಾದವರು ಇದಕ್ಕೆ ಕೊಡುವ ಉತ್ತರವೂ ಕಡೆಗಣಿಸತಕ್ಕುದಲ್ಲ. ಮನುಷ್ಯನು ಒಬ್ಬನೇ ಉಣ್ಣುವಾಗ ಅದು ಹಸಿವಿನ ನಿವಾರಣೆ. ಹತ್ತು ಜನರೊಡನೆ ಕುಳಿತು ಉಣ್ಣುವಾಗ ಅದು ಒಂದು ಸಭೆ. ಸಭೆಗೆ ಬರುವವನು ಮೈತೊಳೆದು, ತಲೆಬಾಚಿ, ಮಡಿಸಿಟ್ಟ ಬಟ್ಟೆಯನ್ನುಟ್ಟು ಬಂದರೆ, "ನಿಮ್ಮೊಡನೆ ಕೂಡುವುದನ್ನು ನಾನು ಹಗುರವಾಗಿ ಎಣಿಸಲಿಲ್ಲ" ಎಂದು ಬಾಯಿಬಿಡದೆ ಹೇಳಿದಂತಾಯಿತು. ಉಡುಪು ಮನುಷ್ಯನ ಯೋಗ್ಯತೆಯ ಅಳತೆಯಲ್ಲ, ನಿಜ. ಆದರೆ ಅದು ಅವನ ಮಾತುಗಳಲ್ಲೊಂದು. ಎಡಗೈಯಿಂದ ಕೊಟ್ಟರೂ ಹಣ್ಣಿನ ರುಚಿ ಕೆಡುವುದಿಲ್ಲ. ಹಾಗಿದ್ದರೂ ಹಿರಿಯರಿಗೆ ಹಣ್ಣನ್ನು ಕೊಡುವವನು ಬಲಗೈಯನ್ನು ಚಾಚುತ್ತಾನೆ. ಗೌರವಕ್ಕೆ ಕೈಗಳಲ್ಲಿ ಭೇದವಿಲ್ಲದಿದ್ದರೂ ಗೌರವವನ್ನು ತಿಳಿಸುವುದಕ್ಕೆ ಒಂದು ಗೊತ್ತಾದ ಗುರುತು ಬೇಕಾಗುತ್ತದೆ.

ಗುರುತು ಮಾತ್ರ ದೇಶದಿಂದ ದೇಶಕ್ಕೆ ಬೇರೆಯಾಗುವುದು. ಕನ್ನಡ ನಾಡಿನ ಎಷ್ಟೋ ಮನೆಗಳಲ್ಲಿ ಹಬ್ಬದ ಎಲೆಯ ಮುಂದೆ ಕುಳ್ಳಿರುವ ಗಂಡಸು ಅಂಗಿಯನ್ನು ಕಳಚಿಟ್ಟು, ಮಡಿಪಂಚೆಯನ್ನುಟ್ಟು, ಬರಿಯ ಮೈಗೆ ಉತ್ತರೀಯವನ್ನು ಹೊದ್ದು ಕೂಡುವುದು ಮರ್ಯಾದೆಯೆನಿಸಿತ್ತು. ಕೋಟನ್ನು ತೊಟ್ಟು ಎಲೆಯ ಮುಂದೆ ಕುಳಿತವನು ಅಲ್ಲಿ ಅವಿವೇಕಿ. ಹಡಗಿನ ಭೋಜನಶಾಲೆಯಲ್ಲಿ ಕೋಟಿಲ್ಲದೆ ಕುಳಿತವನು ಅವಿವೇಕಿ. ಒಂದು ಕಡೆ ಕಳಚುವುದು ಗೌರವ, ಮತ್ತೊಂದು ಕಡೆ ತೊಡುವುದು ಗೌರವ. ಎರಡೂ ಪದ್ಧತಿಗಳಲ್ಲಿ ಸಮಾನವಾದುದು ಒಂದೇ: ಊಟಕ್ಕೆ ಮುಂಚೆ ಮನುಷ್ಯನು ಒಂದು ಗಳಿಗೆ ನಿಂತು, ತಾನಿದ್ದ ಸ್ಥಿತಿಯನ್ನು ಬದಲಾಯಿಸಿಕೊಂಡು, ಅನ್ನಕ್ಕೂ ಜೊತೆಗಾರರಿಗೂ ತನ್ನನ್ನು ಅಣಿಗೊಳಿಸಿಕೊಳ್ಳುವುದು. ಆ ಒಂದು ಗಳಿಗೆಯ ನಿಲುವೇ ಮುಖ್ಯವು. ಬಟ್ಟೆಯು ಅದರ ಹೊರಗುರುತು. ಹೀಗೆ ನೋಡಿದರೆ ಹಡಗಿನ ಕಪ್ಪು ಕೋಟು ಆ ಜನರ ಮಡಿಯೆಂದು ಹೇಳಬಹುದು.

ಆದರೆ ಮಡಿಯೆಂಬ ಮಾತನ್ನು ಆಡಿದೊಡನೆಯೇ ಅದರ ಇನ್ನೊಂದು ಮುಖವೂ ನೆನಪಿಗೆ ಬರುತ್ತದೆ. ಮಡಿಯು ಶುಚಿಯ ನಿಯಮವಾಗಿ ಮೊದಲಾಗಿ, ಯಾರನ್ನು ಯಾವ ಪಂಕ್ತಿಯಲ್ಲಿ ಕುಳ್ಳಿರಿಸಬೇಕು, ಯಾರನ್ನು ಹೊರಗೆ ಜಗುಲಿಯ ಮೇಲೆ ಕುಳ್ಳಿರಿಸಬೇಕು, ಯಾರನ್ನು ಜಗುಲಿಗೂ ಹತ್ತಿಸಬಾರದು ಎಂಬ ನಿಯಮವಾಗಿ ಬೆಳೆಯಿತು. ತನ್ನನ್ನು ಅಣಿಗೊಳಿಸಿಕೊಳ್ಳುವುದಕ್ಕಾಗಿ ಹುಟ್ಟಿದುದು ಇತರರನ್ನು ದೂರವಿಡುವುದಕ್ಕೆ ಸಾಧನವಾಯಿತು. ಪಂಕ್ತಿಭೇದವೆಂಬ ಶಬ್ದವೇ ಇದಕ್ಕೆ ಸಾಕ್ಷಿ. ಒಂದೇ ಸಾಲಿನಲ್ಲಿ ಕುಳಿತವರಿಗೆ ಬೇರೆ ಬೇರೆ ಬಡಿಸುವುದು ದೋಷವೆಂದು ಶಿಷ್ಟರು ಒಪ್ಪಿದ್ದರು. ಸಾಲನ್ನೇ ಬೇರೆ ಮಾಡಿಬಿಟ್ಟರೆ ದೋಷವಿಲ್ಲವೆಂದು ಅವರಲ್ಲಿ ಬಹುಮಂದಿ ಸಮಾಧಾನಪಟ್ಟುಕೊಂಡರು. ಹಡಗಿನ ಕಟ್ಟಳೆಯನ್ನು ಪರೀಕ್ಷಿಸಬೇಕಾದುದು ಈ ಒರೆಗಲ್ಲಿನ ಮೇಲೆಯೇ. ಅದು ಪಂಕ್ತಿಯನ್ನು ಕೂಡಿಸುವ ಉಡುಪೋ, ಪಂಕ್ತಿಯನ್ನು ಒಡೆಯುವ ಉಡುಪೋ?

ಉಡುಪು ಪಂಕ್ತಿಯನ್ನು ಕೂಡಿಸುವುದೆಂಬುದಕ್ಕೆ ಒಂದು ಯುಕ್ತಿಯುಂಟು. ಎಲ್ಲ ಗಂಡಸರೂ ಒಂದೇ ಬಗೆಯ ಕಪ್ಪು ಕೋಟನ್ನು ತೊಟ್ಟರೆ ಸಾಹುಕಾರನಾರು, ಗುಮಾಸ್ತನಾರು ಎಂಬುದು ತಿಳಿಯದು. ಸಮವಸ್ತ್ರವು ಶಾಲೆಯ ಮಕ್ಕಳಲ್ಲಿ ಮಾಡುವ ಕೆಲಸವನ್ನು ಇದು ದೊಡ್ಡವರಲ್ಲಿ ಮಾಡುವುದು ಎನ್ನುತ್ತಾರೆ. ಇದು ಗಂಡಸರ ಮಟ್ಟಿಗೆ ಕೊಂಚ ನಿಜವಾಗಿರಬಹುದು. ಹೆಂಗಸರ ಮಟ್ಟಿಗೆ ನಿಜವಲ್ಲ. ಗಂಡಸು ಒಂದೇ ಕೋಟನ್ನು ಮೂರು ರಾತ್ರಿ ತೊಟ್ಟರೂ ಯಾರೂ ಗಮನಿಸುವುದಿಲ್ಲ; ಹೆಂಗಸು ಒಂದೇ ಗೌನನ್ನು ಮೂರು ರಾತ್ರಿ ಧರಿಸಿದರೆ ಗಮನಿಸುವ ಕಣ್ಣುಗಳು ಎಷ್ಟೋ ಇವೆ. ಒಂದೇ ಕಟ್ಟಳೆಯು ಒಬ್ಬರಿಗೆ ಅನುಕೂಲವೂ ಒಬ್ಬರಿಗೆ ಹೊರೆಯೂ ಆಗುತ್ತದೆ. ಇದಲ್ಲದೆ, ಕುನಾರ್ಡರ ಹಡಗುಗಳಲ್ಲಿ ಭೋಜನಶಾಲೆಯೇ ಕೊಠಡಿಯ ಬೆಲೆಗೆ ತಕ್ಕಂತೆ ಬೇರೆಯಾಗಿದೆ; ಹೆಚ್ಚು ಹಣ ಕೊಟ್ಟವರು 'ಗ್ರಿಲ್' ಎಂಬ ಹೆಸರಿನ ಚಿಕ್ಕ ಶಾಲೆಗಳಲ್ಲಿಯೂ ಉಳಿದವರು ದೊಡ್ಡ ಶಾಲೆಯಲ್ಲಿಯೂ ಉಣ್ಣುತ್ತಾರೆ. ಕೋಟು ಒಂದೇ, ಬಾಗಿಲು ಬೇರೆ. ಬಟ್ಟೆಯು ಮುಚ್ಚಿದ ಭೇದವನ್ನು ಗೋಡೆಯು ಎತ್ತಿ ತೋರಿಸುತ್ತದೆ.

ಭೇದವು ಎಲ್ಲಿಗೆ ಮುಟ್ಟಬಹುದೆಂಬುದಕ್ಕೆ ೧೯೧೨ರ ಏಪ್ರಿಲ್ ೧೪ರ ರಾತ್ರಿಯನ್ನು ನೆನೆದರೆ ಸಾಕು. ಅಂದು 'ಟೈಟಾನಿಕ್' ಹಡಗಿನ ಮೊದಲನೆಯ ತರಗತಿಯವರಿಗೆ ಹತ್ತು ಬಗೆಯ ಬಡಿಕೆಗಳ ಭೋಜನವಾಗಿದ್ದಿತು. ಅವರು ಸಂಜೆಯ ಉಡುಪನ್ನು ಧರಿಸಿ ಮೇಲಿನ ಅಂತಸ್ತಿನಲ್ಲಿ ಕುಳಿತು ಉಂಡರು. ಮೂರನೆಯ ತರಗತಿಯವರು ತಮಗಿದ್ದ ಬಟ್ಟೆಯಲ್ಲಿ ಕೆಳಗಿನ ಅಂತಸ್ತಿನಲ್ಲಿ ಉಂಡರು. ಹಡಗು ನೀರ್ಗಲ್ಲಿಗೆ ತಾಗಿ ಮುಳುಗತೊಡಗಿದಾಗ, ಬೆಂಜಮಿನ್ ಗುಗೆನ್‌ಹೈಮ್ ಎಂಬ ಧನಿಕನಿಗೆ ಪರಿಚಾರಕನೊಬ್ಬನು ದಪ್ಪನೆಯ ಉಣ್ಣೆಯ ಅಂಗಿಯನ್ನೂ ತೇಲುಪಟ್ಟಿಯನ್ನೂ ತೊಡಿಸಿದನು. ದೋಣಿಗಳಲ್ಲಿ ತನಗೆ ಸ್ಥಳವಿಲ್ಲವೆಂದು ಕಂಡಾಗ ಆತನು ಅವೆರಡನ್ನೂ ಕಳಚಿ, ತನ್ನ ಸೇವಕನೊಡನೆ ಸಂಜೆಯ ಉಡುಪನ್ನು ಧರಿಸಿ ಮೇಲಕ್ಕೆ ಬಂದು, ಸಭ್ಯನಂತೆ ಸಾಯಲು ನಿಂತನೆಂದು ಬದುಕಿ ಉಳಿದ ಆ ಪರಿಚಾರಕನು ಹೇಳಿದನು.

ಈ ಸಂಗತಿಯನ್ನು ಕೇಳಿದವರು ಎರಡು ಬಗೆಯಾಗಿ ಎಣಿಸಬಹುದು. ಸಾವಿನ ಮುಂದೆಯೂ ಬಟ್ಟೆಯ ಹುಚ್ಚೇ ಎಂದು ಕೆಲವರು ಹಳಿಯಬಹುದು. ಆದರೆ ಆ ಗಳಿಗೆಯಲ್ಲಿ ನೋಡಿ ಮೆಚ್ಚುವವರಾಗಲಿ, ಬಾಗಿಲಲ್ಲಿ ತಡೆಯುವವರಾಗಲಿ ಯಾರೂ ಇರಲಿಲ್ಲ. ಉಡುಪು ಆಗ ಡಂಭದ ಗುರುತಾಗಿರದೆ, ನೂಕುನುಗ್ಗಲಿನಲ್ಲಿ ಇತರರ ಸ್ಥಳವನ್ನು ಕಸಿಯಲಾರೆನೆಂಬ ನಿಶ್ಚಯದ ಗುರುತಾಗಿದ್ದಿತು. ಶಿಷ್ಟಾಚಾರವು ಮನುಷ್ಯನ ಎಲುಬಿನವರೆಗೆ ಇಳಿದರೆ ಹೀಗೂ ಕೆಲಸ ಮಾಡಬಲ್ಲುದು. ಅದರ ಜೊತೆಗೇ ಮತ್ತೊಂದು ಲೆಕ್ಕವನ್ನೂ ಮರೆಯಬಾರದು. ಆ ಹಡಗಿನಲ್ಲಿದ್ದ ಸುಮಾರು ೨,೨೦೦ ಜನರಲ್ಲಿ ಸುಮಾರು ೧,೫೦೦ ಜನ ಸತ್ತರು. ಮೊದಲನೆಯ ತರಗತಿಯವರಲ್ಲಿ ನೂರಕ್ಕೆ ಅರುವತ್ತಕ್ಕೂ ಮೇಲ್ಪಟ್ಟವರು ಉಳಿದರು. ಮೂರನೆಯ ತರಗತಿಯವರಲ್ಲಿ ನೂರಕ್ಕೆ ಸುಮಾರು ಇಪ್ಪತ್ತೈದು ಜನ ಮಾತ್ರ ಉಳಿದರು. ಒಬ್ಬಿಬ್ಬರು ಧೀರರ ನಡತೆಯಿಂದ ಆ ವ್ಯವಸ್ಥೆಯು ನ್ಯಾಯವಾಗುವುದಿಲ್ಲ. ವ್ಯವಸ್ಥೆಯು ಅನ್ಯಾಯವಾದುದರಿಂದ ಆ ಧೀರರ ನಡತೆಯು ಹೀನವೂ ಆಗುವುದಿಲ್ಲ. ಉಡುಪಿನ ಒಳ್ಳೆಯದೂ ಕೆಟ್ಟದೂ ಆ ಒಂದೇ ಹಡಗಿನಲ್ಲಿ ಅಕ್ಕಪಕ್ಕದಲ್ಲಿದ್ದುವು.

ಹಡಗಿನ ಪಂಕ್ತಿಯಿಂದ ಉಡುಪು ಒಬ್ಬನನ್ನು ಹೇಗೆ ಹೊರಗಿಡಬಲ್ಲುದು ಎಂಬುದಕ್ಕೆ ಎಲ್ಲರೂ ಬಲ್ಲ ಜೀವನವೊಂದು ನಿದರ್ಶನವಾಗಿದೆ. ೧೮೮೮ರ ಸೆಪ್ಟೆಂಬರ್ ೪ರಂದು ಹತ್ತೊಂಬತ್ತು ವರ್ಷವೂ ತುಂಬದ ಮೋಹನದಾಸ ಗಾಂಧಿಯೆಂಬ ತರುಣನು ಮುಂಬಯಿಯಿಂದ ಇಂಗ್ಲೆಂಡಿಗೆ ಹೊರಟನು. ಹಡಗಿನಲ್ಲಿ ತೊಡುವುದಕ್ಕೆಂದು ಅವನಿಗೆ ಕಪ್ಪು ಸೂಟಿದ್ದಿತು. ಆದರೂ ಅವನು ಭೋಜನಶಾಲೆಗೆ ಹೋಗಲಿಲ್ಲ. ಚಾಕು-ಮುಳ್ಳುಚಮಚಗಳನ್ನು ಹಿಡಿಯುವ ಬಗೆಯನ್ನು ಅರಿಯನು. ಇಂಗ್ಲಿಷಿನಲ್ಲಿ ಮಾತನಾಡಲು ಅಂಜುವನು. ಬಡಿಸುವುದರಲ್ಲಿ ಮಾಂಸವಿಲ್ಲದುದು ಯಾವುದೆಂದು ಕೇಳಲು ನಾಚುವನು. ಮನೆಯಿಂದ ತಂದಿದ್ದ ಸಿಹಿತಿಂಡಿಗಳನ್ನೂ ಹಣ್ಣುಗಳನ್ನೂ ತನ್ನ ಕೊಠಡಿಯಲ್ಲಿಯೇ ತಿಂದು ದಿನಗಳನ್ನು ಕಳೆದನು. ಇಳಿಯುವ ದಿನಕ್ಕೆಂದು ಬಿಳಿಯ ಫ್ಲಾನೆಲ್ ಉಡುಪನ್ನು ಜೋಪಾನವಾಗಿಟ್ಟಿದ್ದನು. ಸೆಪ್ಟೆಂಬರಿನ ಕೊನೆಯಲ್ಲಿ ಅದನ್ನು ತೊಟ್ಟು ಇಂಗ್ಲೆಂಡಿನಲ್ಲಿ ಇಳಿದಾಗ, ಅಲ್ಲಿ ಬಿಳಿಯ ಬಟ್ಟೆಯನ್ನು ತೊಟ್ಟವನು ತಾನೊಬ್ಬನೇ ಎಂದು ಕಂಡು ಬಹಳ ನೊಂದನು. ಮುಂದೆ ಲಂಡನ್ನಿನಲ್ಲಿ ಸಭ್ಯನೆನಿಸಿಕೊಳ್ಳುವ ಹಂಬಲದಿಂದ ಬಾಂಡ್ ಬೀದಿಯಲ್ಲಿ ಹತ್ತು ಪೌಂಡುಗಳನ್ನು ತೆತ್ತು ಸಂಜೆಯ ಸೂಟೊಂದನ್ನು ಹೊಲಿಸಿಕೊಂಡನು. ಅದು ಹಣವನ್ನು ಪೋಲುಮಾಡಿದಂತಾಯಿತೆಂದು ತಾನೇ ಬಳಿಕ ಬರೆದುಕೊಂಡನು.

ನಲವತ್ತುಮೂರು ವರ್ಷಗಳ ತರುವಾಯ, ೧೯೩೧ರ ಆಗಸ್ಟ್ ೨೯ರಂದು, ಅದೇ ಮನುಷ್ಯನು ದುಂಡುಮೇಜಿನ ಪರಿಷತ್ತಿಗೆಂದು 'ರಾಜಪುತಾನ' ಹಡಗನ್ನು ಹತ್ತಿದನು. ಈ ಸಾರಿ ಎರಡನೆಯ ತರಗತಿಯ ಪ್ರಯಾಣ. ಮೈಮೇಲೆ ತುಂಡುಪಂಚೆ, ಶಾಲು. ಜೊತೆಯವರು ಅನೇಕ ಪೆಟ್ಟಿಗೆಗಳನ್ನು ತಂದಿರುವುದನ್ನು ಕಂಡು ಗದರಿಸಿ, ಹೆಚ್ಚಿನವುಗಳನ್ನು ಏಡನ್ನಿನಿಂದಲೇ ಹಿಂದಕ್ಕೆ ಕಳುಹಿಸಿಬಿಟ್ಟರು. ನವೆಂಬರಿನಲ್ಲಿ ಬಕಿಂಗ್‌ಹ್ಯಾಮ್ ಅರಮನೆಯ ಚಹದ ಕೂಟಕ್ಕೂ ಅದೇ ತುಂಡುಪಂಚೆಯಲ್ಲಿಯೇ ಹೋದರು. ಅದೇ ಹಡಗಿನಲ್ಲಿ ಪಂಡಿತ ಮದನಮೋಹನ ಮಾಳವೀಯರೂ ಸರೋಜಿನೀ ನಾಯ್ಡುರವರೂ ಇದ್ದರು; ಅವರು ತಮ್ಮ ತಮ್ಮ ರೀತಿಯಲ್ಲಿ ಉಟ್ಟರು. ಯಾರೊಬ್ಬರ ಉಡುಪೂ ಇನ್ನೊಬ್ಬರ ಉಡುಪಿಗೆ ಅವಮಾನವಾಗಲಿಲ್ಲ.

ಈ ಎರಡು ಪ್ರಯಾಣಗಳನ್ನು ಹೋಲಿಸಿ, ಮೊದಲನೆಯದರಲ್ಲಿ ಪರರ ಉಡುಪು ಇದ್ದುದರಿಂದ ದಾಸ್ಯವು, ಎರಡನೆಯದರಲ್ಲಿ ಸ್ವಂತ ಉಡುಪು ಇದ್ದುದರಿಂದ ಸ್ವಾತಂತ್ರ್ಯವು ಎಂದು ಹೇಳಿಬಿಡುವುದು ಸುಲಭ. ಆದರೆ ಅದು ಅರೆನಿಜ. ಮೊದಲನೆಯ ಪ್ರಯಾಣದಲ್ಲಿ ಕೆಟ್ಟುದು ಕಪ್ಪು ಸೂಟಲ್ಲ. ಅದನ್ನು ತೊಟ್ಟೂ ಪಂಕ್ತಿಗೆ ಹೋಗಲಾರದಂತೆ ಮಾಡಿದ ನಾಚಿಕೆ. ತಾನು ಎಲ್ಲರ ಕಣ್ಣಿಗೂ ಗುರಿಯಾಗಿದ್ದೇನೆಂಬ ಭಯವು ಹುಡುಗನೊಬ್ಬನನ್ನು ಊಟದ ಮೇಜಿನಿಂದ ಓಡಿಸಿ ಕೊಠಡಿಯಲ್ಲಿ ಕೂಡಿಹಾಕಿತು. ಎರಡನೆಯ ಪ್ರಯಾಣದಲ್ಲಿ ಆ ಭಯವು ಸತ್ತುಹೋಗಿತ್ತು. ಭಯವು ಸತ್ತವನು ಏನನ್ನು ಉಟ್ಟರೂ ಒಪ್ಪುತ್ತದೆ. ಆದರೆ ಲೋಕದಲ್ಲಿ ಎಲ್ಲರೂ ಮಹಾತ್ಮರಲ್ಲ. ಭಯವಿರುವ ಸಾಮಾನ್ಯರಿಗಾಗಿಯೇ ಶಿಷ್ಟಾಚಾರವು ಹುಟ್ಟಿದೆ. ಅವರ ಭಯವನ್ನು ಕಳೆಯುವುದು ಅದರ ಕೆಲಸ, ಹೆಚ್ಚಿಸುವುದಲ್ಲ.

ಈ ಮಾತನ್ನು ಮನೆಯ ಮಟ್ಟಕ್ಕೆ ತಂದು ನೋಡಬಹುದು. ಹೊರದೇಶದಲ್ಲಿ ನೆಲೆಸಿದ ಮಗನು ಧಾರವಾಡದಲ್ಲಿರುವ ನಿವೃತ್ತ ಉಪಾಧ್ಯಾಯರಾದ ತಂದೆಯನ್ನೂ ತಾಯಿಯನ್ನೂ ಇಂತಹ ಹಡಗಿನ ಪ್ರಯಾಣಕ್ಕೆ ಕರೆದೊಯ್ದನೆಂದು ಭಾವಿಸೋಣ. ಉತ್ಸವದ ರಾತ್ರಿ ಬಂದಿತು. ತಂದೆಯು ಪೆಟ್ಟಿಗೆಯಿಂದ ಜರಿಯಂಚಿನ ಧೋತರವನ್ನೂ, ಮುಚ್ಚುಕೊರಳಿನ ಕೋಟನ್ನೂ, ರುಮಾಲನ್ನೂ ತೆಗೆದನು. ಮಗನ ಮದುವೆಯಲ್ಲಿ ತೊಟ್ಟುದು. ತಾಯಿಯು ಇಳಕಲ್ಲಿನ ಸೀರೆಯನ್ನು ತೆಗೆದಳು. ಮಗನು ನೋಡಿ ತಡೆದು, "ಅಪ್ಪಾ, ಇಲ್ಲಿ ಇದು ನಡೆಯುವುದಿಲ್ಲ. ಎಲ್ಲರೂ ನೋಡುತ್ತಾರೆ. ಬಾಡಿಗೆಗೆ ಕೋಟು ಸಿಗುತ್ತದೆ, ತರುತ್ತೇನೆ" ಎಂದನು. ತಂದೆಯು, "ಆಗಲಿ, ಮಗು, ನೀವಿಬ್ಬರೂ ಹೋಗಿ ಉಂಡು ಬನ್ನಿರಿ. ನನಗೆ ಹಸಿವೆಯಿಲ್ಲ" ಎಂದು ರುಮಾಲನ್ನು ಮಡಿಸಿಟ್ಟನು.

ಇಲ್ಲಿ ತಪ್ಪು ಯಾರದು? ಹಡಗಿನ ಕಟ್ಟಳೆಯದಲ್ಲ, ಸಾಂಪ್ರದಾಯಿಕ ಉಡುಪಿಗೆ ಅದು ಎಡೆಗೊಟ್ಟಿದೆ. ತಂದೆಯದಲ್ಲ, ತನ್ನಲ್ಲಿದ್ದ ಅತ್ಯುತ್ತಮವಾದುದನ್ನು ಅವನು ಆ ಪಂಕ್ತಿಗಾಗಿ ತೆಗೆದಿದ್ದನು, ಶಿಷ್ಟಾಚಾರವು ಬೇಡುವುದು ಅಷ್ಟನ್ನೇ. ತಪ್ಪು ಮಗನ ನಾಚಿಕೆಯದು. ಬಾಗಿಲು ಕಾಯುವವನು ತಡೆಯದವನನ್ನು ಹೆತ್ತ ಮಗನೇ ತಡೆದನು. ಕಟ್ಟಳೆಗಿಂತ ಕಟ್ಟಳೆಯ ಭಯವೇ ಕ್ರೂರವಾದುದು. ಆಳುವವರು ಕೇಳದ ಕಪ್ಪವನ್ನು ಆಳಿಸಿಕೊಂಡವರು ತಾವಾಗಿ ತೆರುವುದು ಹೀಗೆ. ಆದರೆ ಮಗನ ಮನಸ್ಸೂ ಕೆಟ್ಟುದಲ್ಲ. ತಂದೆಯನ್ನು ಯಾರಾದರೂ ನೋಡಿ ನಕ್ಕಾರೆಂಬ ಪ್ರೀತಿಯ ಅಂಜಿಕೆಯೂ ಅದರಲ್ಲಿ ಬೆರೆತಿದೆ. ಅದರಿಂದಲೇ ಈ ವಿಷಯವು ತೊಡಕಾದುದು.

ಇದಕ್ಕೆ ಪರಿಹಾರವು ಒಂದೇ ಬಗೆಯದೆಂದು ಹೇಳಬೇಕಾಗಿಲ್ಲ. ತಂದೆಯು ರುಮಾಲನ್ನಿಟ್ಟುಕೊಂಡು ನೆಟ್ಟನೆ ನಡೆದು ಮೇಜಿಗೆ ಕುಳಿತರೆ ಅದು ಒಪ್ಪಿತವು. ಮಗನ ಸಮಾಧಾನಕ್ಕಾಗಿ ನಗುತ್ತಾ ಬಾಡಿಗೆಯ ಕೋಟನ್ನು ತೊಟ್ಟು, "ವೇಷವಲ್ಲವೆ, ಒಂದು ರಾತ್ರಿ ಕಟ್ಟೋಣ" ಎಂದು ಹೊರಟರೆ ಅದೂ ಒಪ್ಪಿತವೇ. ಪ್ರೀತಿಯಿಂದ ತೊಟ್ಟ ಪರವೇಷದಲ್ಲಿ ಸೋಲಿಲ್ಲ. ಮಗನು ತನ್ನ ಕಪ್ಪು ಕೋಟನ್ನು ಬಿಚ್ಚಿಟ್ಟು, ತಂದೆ ತಾಯಿಗಳೊಡನೆ ತಾವೇ ಬಡಿಸಿಕೊಳ್ಳುವ ಶಾಲೆಗೆ ಹೋಗಿ ಉಂಡರೆ ಅದು ಇನ್ನೂ ಒಪ್ಪಿತವು. ಒಪ್ಪದಿರುವುದು ಒಂದೇ: ತಂದೆಯು ಹಸಿವೆಯಿಲ್ಲವೆಂದು ಸುಳ್ಳು ಹೇಳಿ ಕೊಠಡಿಯಲ್ಲಿ ಉಳಿಯುವುದು. ಹಿಂದಿನವರು ಮೊದಲ ರಾತ್ರಿ ಒಬ್ಬನ ಪೆಟ್ಟಿಗೆ ಬಿಚ್ಚಿಲ್ಲವೆಂದು ಎಲ್ಲರೂ ಹಗಲಿನ ಬಟ್ಟೆಯಲ್ಲಿಯೇ ಉಂಡರಲ್ಲವೆ? ಆ ಔದಾರ್ಯವು ಪೆಟ್ಟಿಗೆಗೆ ಸಲ್ಲುವುದಾದರೆ ಮನುಷ್ಯನಿಗೂ ಸಲ್ಲಬೇಕು.

ಇನ್ನೊಂದು ಸಂಗತಿಯು ಉಳಿದಿದೆ. ಭೋಜನಶಾಲೆಯಲ್ಲಿ ಕಪ್ಪು ಕೋಟು, ಬಿಳಿಯ ಅಂಗಿ, ಬೋ ಟೈ ತೊಟ್ಟವರು ಅತಿಥಿಗಳು ಮಾತ್ರವಲ್ಲ. ಬಡಿಸುವವರೂ ಬಹುಕಾಲ ಅದನ್ನೇ ತೊಟ್ಟಿದ್ದಾರೆ. ಅತಿಥಿಯೊಬ್ಬನನ್ನು ಬಡಿಸುವವನೆಂದು ಭ್ರಮಿಸಿ ನೀರು ಕೇಳಿದ ನಗೆಯ ಕಥೆಗಳು ಆ ದೇಶಗಳಲ್ಲಿ ಹೇರಳವಾಗಿವೆ. ಇಂತಹ ಹಡಗುಗಳಲ್ಲಿ ದುಡಿಯುವ ಭಾರತೀಯರು ಅನೇಕರು. ಗೋವೆಯಿಂದಲೂ ಮಂಗಳೂರಿನಿಂದಲೂ ಹೋದವರು ಅವರಲ್ಲಿದ್ದಾರೆ. ಉಳಿದವರೆಲ್ಲರಿಗೂ ಉಡುಪು ಉತ್ಸವ. ಅವರಿಗೆ ಅದು ದುಡಿಮೆ. ತಿಂಗಳುಗಟ್ಟಳೆ ಮನೆಯಿಂದ ದೂರವಾಗಿ, ದಿನವೂ ಅದೇ ಅಂಗಿಯನ್ನು ಒಗೆದು ಗಂಜಿ ಹಾಕಿ ತೊಟ್ಟು, ಮುಖದಲ್ಲಿ ದಣಿವು ಕಾಣದಂತೆ ಬಡಿಸುವ ಮನುಷ್ಯನ ಕೋಟಿಗೂ, ಒಂದು ರಾತ್ರಿಯ ಮೋಜಿಗಾಗಿ ತೊಟ್ಟವನ ಕೋಟಿಗೂ ಬಣ್ಣದಲ್ಲಿ ಭೇದವಿಲ್ಲ. ಕೂತವನು ತಲೆಯೆತ್ತಿ ಬಡಿಸಿದವನ ಮುಖವನ್ನು ನೋಡಿ ಒಂದು ಒಳ್ಳೆಯ ಮಾತನ್ನಾಡದಿದ್ದರೆ, ಅವನು ಕೋಟನ್ನು ತೊಟ್ಟೂ ಬರಿಮೈಯಲ್ಲಿದ್ದಂತೆಯೇ. ಜೊತೆಗಾರರನ್ನು ಗೌರವಿಸುವುದಕ್ಕೆ ಉಡುವುದಾದರೆ, ಅನ್ನವನ್ನು ತಂದಿಟ್ಟವನು ಆ ಜೊತೆಗಾರರ ಲೆಕ್ಕಕ್ಕೆ ಸೇರುವುದಿಲ್ಲವೆ?

ಆದುದರಿಂದ ಹಡಗಿನ ಭೋಜನಕ್ಕೆ ಏನನ್ನು ಉಡಬೇಕೆಂದು ಕೇಳುವವರಿಗೆ ಬಣ್ಣವನ್ನಾಗಲಿ ಬಟ್ಟೆಯನ್ನಾಗಲಿ ಹೆಸರಿಸಿ ಉತ್ತರ ಕೊಡುವುದು ದರ್ಜಿಯ ಕೆಲಸ. ವಿವೇಕಿಯ ಉತ್ತರವು ಬೇರೆ. ಆ ಮನೆಯ ಕಟ್ಟಳೆಯನ್ನು ಮೊದಲೇ ತಿಳಿದುಕೊಳ್ಳತಕ್ಕುದು. ಆ ಕಟ್ಟಳೆಯು ಬೇಡವೆನ್ನುವವನು ಅದಿಲ್ಲದ ಹಡಗನ್ನು ಆರಿಸಿಕೊಳ್ಳತಕ್ಕುದು. ಒಪ್ಪಿ ಹತ್ತಿದವನು ಗೊಣಗದೆ ನಡೆಸತಕ್ಕುದು. ತನ್ನಲ್ಲಿರುವುದರಲ್ಲಿ ಒಳ್ಳೆಯದನ್ನು ಉಡತಕ್ಕುದು, ಇಲ್ಲದುದಕ್ಕಾಗಿ ಸಾಲಮಾಡಬಾರದು. ಪಕ್ಕದವನು ಏನನ್ನು ಉಟ್ಟಿದ್ದಾನೆಂದು ನೋಡಬಾರದು. ನೋಡಿದರೂ ನೋಡಿದಂತೆ ತೋರಿಸಬಾರದು. ಯಾವ ಉಡುಪನ್ನು ಧರಿಸಿ ತಾನು ನಾಚದೆ ಕುಳಿತುಕೊಳ್ಳಬಲ್ಲನೋ, ಪಕ್ಕದವನೂ ನಾಚದೆ ಕುಳಿತುಕೊಳ್ಳಬಲ್ಲನೋ, ಅದೇ ಪಂಕ್ತಿಗೆ ತಕ್ಕ ಉಡುಪು.

ಹಳೆಯ ಗಾದೆಗೆ ಇಷ್ಟನ್ನು ಸೇರಿಸಿಕೊಂಡರೆ ಅದು ಸಮುದ್ರದ ಮೇಲೆಯೂ ನಡೆಯುವುದು. ಊಟವು ತನ್ನಿಚ್ಛೆಯಾಗಿರಲಿ, ನೋಟವು ಪರರಿಚ್ಛೆಯಾಗಿರಲಿ. ಆದರೆ ಆ ನೋಟಕ್ಕೆ ಹೆದರಿ ಯಾರೊಬ್ಬರೂ ಎಲೆಯನ್ನು ಬಿಟ್ಟೇಳದಿರಲಿ. ಪಂಕ್ತಿಯಲ್ಲಿ ಒಂದು ಎಲೆಯು ಬರಿದಾಗಿದ್ದರೆ ಉಳಿದವರ ಕೋಟು ಎಷ್ಟು ಕಪ್ಪಾಗಿದ್ದರೇನು, ಅಂಗಿ ಎಷ್ಟು ಬೆಳ್ಳಗಿದ್ದರೇನು?